ಅಣ್ಣನ ಗೆಸ್ಟ್ ಬಂದ ಭಾನುವಾರ

ಕಳೆದ ಭಾನುವಾರ ನಮ್ಮ ಮನೆಗೆ ಒಬ್ಬರು ಗೆಸ್ಟ್ ಬಂದಿದ್ದರು. ನನ್ನ ಗೆಸ್ಟ್ ಅಲ್ಲ. ನನ್ನ ಗಂಡನ ಗೆಸ್ಟೂ ಅಲ್ಲ. ನನ್ನ ಅಣ್ಣನ ಗೆಸ್ಟ್.

ಅದರಲ್ಲೇನು ವಿಶೇಷ ಅಂತೀರಾ? ಅಣ್ಣನಿಗೆ ಈಗ ಐವತ್ತೊಂದು ವರ್ಷ. ಅವನನ್ನೇ ನೋಡಬೇಕು ಅಂತ ಒಬ್ಬರು ಮನೆಗೆ ಬಂದದ್ದು ಇದೇ ಮೊದಲು. (ಡಾಕ್ಟರನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.)

ಅಣ್ಣನ ಹೆಸರು ಮುನಿರಾಜು. ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್. ಮಾತು ಸ್ವಲ್ಪ ತೊದಲು, ಕೆಲಸ ನಿಧಾನ, ಹಟ ಮಾತ್ರ ನಮ್ಮಪ್ಪನದೇ. ನಾವು ಗರುಡಾಚಾರ್‌ಪಾಳ್ಯದವರು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ನಮ್ಮ ಹೊಲದಲ್ಲಿ ಈಗ ಗಾಜಿನ ಬಿಲ್ಡಿಂಗ್ ಬೆಳೆದಿದೆ. ಅಮ್ಮ ತೀರಿಕೊಂಡ ಮೇಲೆ ಅಣ್ಣ ಹೊಸ ತಿಪ್ಪಸಂದ್ರದಲ್ಲಿರುವ ನಮ್ಮ ಮನೆಗೆ ಬಂದ.

ನೆಂಟರಿಗೆಲ್ಲ ಅವನ ಮೇಲೆ ಭಾರೀ ಪ್ರೀತಿ. ಜಮೀನಿನ ಪತ್ರಕ್ಕೆ ಅವನ ಹೆಬ್ಬೆಟ್ಟು ಬೇಕಾದಾಗ ಕಾರು ಕಳಿಸಿ ಕರೆಸಿಕೊಂಡಿದ್ದರು. ಮದುವೆ ಮುಂಜಿ ಬಂದಾಗ ಮಾತ್ರ, ಗದ್ದಲದಲ್ಲಿ ಪಾಪ ಅವನಿಗೆ ತೊಂದರೆಯಾಗುತ್ತದೆ, ಮನೆಯಲ್ಲೇ ಆರಾಮಾಗಿ ಇರಲಿ ಎಂದು ಅವರೇ ಕಾಳಜಿ ಮಾಡುತ್ತಾರೆ.

ಮನೆಗೆ ಬಂದವರಿಗೆ ನೀರು ತಂದು ಕೊಡುವುದು ಅಣ್ಣನ ಡ್ಯೂಟಿ. ಅದನ್ನು ಅವನು ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲ. ಬಂದವರು ಲೋಟ ತೆಗೆದುಕೊಂಡು, ಚೆನ್ನಾಗಿದ್ದೀಯಾ ರಾಜು ಎಂದು ಅವನನ್ನು ಕೇಳುತ್ತಾರೆ. ಕೇಳಿ, ಉತ್ತರಕ್ಕೆ ನನ್ನ ಮುಖ ನೋಡುತ್ತಾರೆ. ಚೆನ್ನಾಗಿದ್ದಾನೆ ಎಂದು ನಾನು ಹೇಳುತ್ತೇನೆ. ಅಲ್ಲಿಗೆ ಅವನ ಜೊತೆಗಿನ ಮಾತುಕತೆ ಮುಗಿಯಿತು.

ಇಂಥವನಿಗೆ ಗೆಸ್ಟ್ ಎಲ್ಲಿಂದ ಬಂದರು? ಹಲಸೂರಿನಿಂದ.

ಹಲಸೂರಿನ ಒಂದು ಹಳೇ ಹಾಲ್‌ನಲ್ಲಿ ಪ್ರತೀ ಶನಿವಾರ ಒಂದು ಕ್ಲಬ್ ಸೇರುತ್ತದೆ. ಅಂಗವಿಕಲರಿಗಾಗಿ, ಅದರಲ್ಲೂ ವಯಸ್ಸಿಗೆ ಬಂದವರಿಗಾಗಿ. ಬೆಳಿಗ್ಗೆ ಹೋದರೆ ಮಧ್ಯಾಹ್ನ ಊಟ ಮುಗಿಸಿಕೊಂಡು ಬರುವುದು. ಪರಿಚಯದವರೊಬ್ಬರು ಹೇಳಿದಾಗ ನಾನು ಕೇಳಿದ ಮೊದಲ ಪ್ರಶ್ನೆ, ಅಲ್ಲಿ ಏನು ಕಲಿಸುತ್ತಾರೆ ಎಂದು. ಏನೂ ಕಲಿಸುವುದಿಲ್ಲವಂತೆ. ಮೇಣದಬತ್ತಿ ಮಾಡಿಸುವುದಿಲ್ಲ, ಪೇಪರ್ ಕವರ್ ಅಂಟಿಸುವುದಿಲ್ಲ. ಕೇರಂ, ಹಾಡು, ಡ್ಯಾನ್ಸು, ಹರಟೆ. ಇಷ್ಟೇ.

ಹಾಗಾದರೆ ಇಂಪ್ರೂವ್‌ಮೆಂಟ್?

ನೋಡಿ, ಅಂಗವಿಕಲರು ಸುಮ್ಮನೆ ಆಡುವುದನ್ನು ನಾವು ಒಪ್ಪುವುದೇ ಇಲ್ಲ. ಅವರು ಚೆಂಡು ಹಿಡಿದರೆ ಥೆರಪಿ, ಮಣ್ಣು ಕಲಸಿದರೆ ಥೆರಪಿ, ನಾಯಿ ತಲೆ ಸವರಿದರೂ ಥೆರಪಿ. ನಮ್ಮ ಕಡೆಯ ಒಂದು ಪಾರ್ಕಿನಲ್ಲಿ ವ್ಹೀಲ್‌ಚೇರ್‌ನವರಿಗಾಗಿಯೇ ಒಂದು ಉಯ್ಯಾಲೆ ಹಾಕಿಸಿದ್ದಾರೆ. ಅದಕ್ಕೆ ಬೀಗ. ಯಾರಾದರೂ ಆಡಿದರೆ ಹಾಳಾಗುತ್ತದಂತೆ. ನನ್ನ ಗಂಡ ಶನಿವಾರ ಬಂದರೆ ಗೆಳೆಯರ ಜೊತೆ ರಮ್ಮಿಗೆ ಕೂರುತ್ತಾರೆ. ಅದರಿಂದ ಏನು ಇಂಪ್ರೂವ್‌ಮೆಂಟ್ ಆಯಿತು ಎಂದು ನಾನು ಯಾವತ್ತಾದರೂ ಕೇಳಿದ್ದೇನೆಯೇ? (ಕೇಳಿದ್ದೇನೆ. ಅದು ಬೇರೆ ವಿಷಯ.)

ಅಂತೂ ಕರೆದುಕೊಂಡು ಹೋದೆ. ಕ್ಲಬ್ ನಡೆಸುವವರಲ್ಲಿ ಒಬ್ಬಳು ಶಬೀನಾ, ಶಿವಾಜಿನಗರದ ಹುಡುಗಿ. ಬಾಗಿಲಲ್ಲೇ ಅಣ್ಣನ ಕೈ ಕುಲುಕಿ, ಏನು ಆಡೋಕೆ ಇಷ್ಟ ಎಂದು ಕೇಳಿದಳು. ಅವನಿಗೆ ಕೇರಂ ಇಷ್ಟ ಎಂದೆ. ಅವಳು ನನ್ನ ಕಡೆ ತಿರುಗದೆ, ಊಟಕ್ಕೆ ಖಾರ ಆಗುತ್ತಾ ಎಂದು ಅವನನ್ನೇ ಕೇಳಿದಳು. ಖಾರ ಆಗುವುದಿಲ್ಲ ಎಂದೆ. ಆಮೇಲೆ ಅವಳು ನನ್ನನ್ನು ನೋಡಿದಳು.

"ಮೇಡಂ, ನೀವೂ ಮೆಂಬರ್ ಆಗ್ತೀರಾ? ಇಲ್ಲಾಂದ್ರೆ ಮೆಂಬರ್‌ಗಳಿಗೆ ಮಾತ್ರ ಒಳಗಡೆ."

ಬಾಗಿಲು ಮುಚ್ಚಿತು. ಮನೆಯವರಿಗೆ ಒಳಗೆ ಪ್ರವೇಶವಿಲ್ಲ ಎನ್ನುವುದು ಅಲ್ಲಿನ ರೂಲ್. ನನಗೆ ಎಷ್ಟು ಅವಮಾನವಾಯಿತು ಅಂದರೆ, ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿ ಸಂಸ್ಥೆ ಸರಿಯಿಲ್ಲ ಎಂದು ತೀರ್ಪು ಕೊಟ್ಟೆ. ಅಮ್ಮ ಹೋದಾಗಿನಿಂದ ನಾನು ಕಂಡಕಂಡವರ ಹತ್ತಿರ ಹೇಳಿಕೊಂಡು ಬಂದ ಮಾತು ಒಂದೇ: ನನಗೆ ಒಂದು ಗಳಿಗೆ ಬಿಡುವಿಲ್ಲ, ಯಾರಾದರೂ ಅರ್ಧ ದಿನ ಇವನನ್ನು ನೋಡಿಕೊಂಡರೆ ಸಾಕಪ್ಪ. ಈಗ ಯಾರೋ ನೋಡಿಕೊಳ್ಳುತ್ತೇವೆ ಎಂದರೆ, ಅವರು ಯಾರು ಇವನನ್ನು ನೋಡಿಕೊಳ್ಳೋಕೆ ಎಂದು ಸಿಟ್ಟು.

ಬಿಡುವು ಸಿಕ್ಕಿತಲ್ಲ, ಏನು ಮಾಡಿದೆ? ಹಲಸೂರಿನ ಅಂಗಡಿ ಬೀದಿ ಸುತ್ತಿದೆನೇ? ಇಂದಿರಾನಗರಕ್ಕೆ ಹೋಗಿ ಸೀರೆ ನೋಡಿದೆನೇ? ಇಲ್ಲ. ಹಾಲ್ ಎದುರಿನ ಬೇಕರಿಯ ಬೆಂಚಿನ ಮೇಲೆ ಕೂತು ಆ ಬಾಗಿಲನ್ನೇ ನೋಡಿದೆ. ನಾನೊಬ್ಬಳೇ ಅಲ್ಲ. ಬೆಂಚಿನ ತುಂಬ ಅಪ್ಪಂದಿರು, ಅಮ್ಮಂದಿರು, ಅಕ್ಕತಂಗಿಯರು. ಎಲ್ಲರಿಗೂ ಬಿಡುವು. ಎಲ್ಲರ ಕಣ್ಣೂ ಬಾಗಿಲ ಮೇಲೆ. ಬಿಡುವು ಸಿಕ್ಕರೆ ಏನು ಮಾಡಬೇಕು ಎನ್ನುವುದನ್ನು ಕಲಿಸುವ ಕ್ಲಾಸು ಬೇಕಾಗಿದ್ದದ್ದು ನಮಗೆ.

ನನ್ನ ಪಕ್ಕ ಕೂತಿದ್ದವರು ಕುಮಾರ್. ಹಲಸೂರಿನವರೇ, ಫೋಟೋ ಫ್ರೇಮ್ ಹಾಕುವ ಅಂಗಡಿ. ಅವರ ಅಕ್ಕ ಸೆಲ್ವಿ ಒಳಗಿದ್ದಳು. ಅವಳಿಗೂ ಬುದ್ಧಿಯ ಬೆಳವಣಿಗೆ ನಿಧಾನ, ಒಂದು ಕಾಲು ಸ್ವಲ್ಪ ಎಳೆಯುತ್ತಾಳೆ. ಆದರೆ ಕ್ಲಬ್ಬಿನಲ್ಲಿ ಎಲ್ಲರಿಗಿಂತ ಜೋರಂತೆ. ಅಕ್ಕ ತಮ್ಮನಿಗೆ ಕಾಯುವುದು ನೋಡಿದ್ದೇವೆ. ನಾನು ಅಣ್ಣನಿಗೆ, ಅವರು ಅಕ್ಕನಿಗೆ ಕಾಯುತ್ತ, ಚಿಕ್ಕವರಿಬ್ಬರೂ ಟೀ ಕುಡಿದೆವು.

ಕೆಲವು ವಾರ ಕಳೆಯುವಷ್ಟರಲ್ಲಿ ಅಣ್ಣನ ಮಾತಿನಲ್ಲಿ ಸೆಲ್ವಿ ಬರತೊಡಗಿದಳು. ಸೆಲ್ವಿ ಕೇರಂನಲ್ಲಿ ಮೋಸ ಮಾಡುತ್ತಾಳೆ. ಸೆಲ್ವಿಗೆ ಬದನೆಕಾಯಿ ಆಗುವುದಿಲ್ಲ. ಸೆಲ್ವಿಯ ಹತ್ತಿರ ಹಳದಿ ಕೊಡೆ ಇದೆ. ನಾನು ಹೂಂ ಎನ್ನುತ್ತಿದ್ದೆ. ನನ್ನ ಗಂಡ ಪೇಪರಿನ ಹಿಂದಿನಿಂದ ಹೂಂ ಎನ್ನುತ್ತಿದ್ದರು. ಆಮೇಲೆ ಒಂದು ದಿನ ಊಟದ ಹೊತ್ತಿಗೆ ಅಣ್ಣ ಹೇಳಿದ.

"ಭಾನುವಾರ ಸೆಲ್ವಿ ಬರ್ತಾಳೆ. ಕಾಫಿಗೆ."

ಗಮನಿಸಿ, ಬರಬಹುದಾ ಎಂದು ಕೇಳಲಿಲ್ಲ. ಬರುತ್ತಾಳೆ ಎಂದ. ಪೇಪರ್ ಕೆಳಗಿಳಿಯಿತು. ಗಂಡ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಅಣ್ಣ ಸಾರು ಹಾಕಿಸಿಕೊಂಡ.

ಇಲ್ಲೊಂದು ತಪ್ಪು ಮಾಡಿದೆ. ಚಿಕ್ಕಮ್ಮನಿಗೆ ಫೋನಿನಲ್ಲಿ ವಿಷಯ ಹೇಳಿಬಿಟ್ಟೆ. ನಮ್ಮ ತಂದೆಯ ತಮ್ಮನ ಹೆಂಡತಿ, ಗರುಡಾಚಾರ್‌ಪಾಳ್ಯದಲ್ಲೇ ಇದ್ದಾರೆ, ಇಡೀ ಮನೆತನಕ್ಕೆ ಈಗ ಅವರೇ ಹಿರಿಯರು. ಆ ಕಡೆಯಿಂದ ಬಂದ ಮೊದಲ ಮಾತೇ ಇದು.

"ಯಾವ ಜನ ಅಂತೆ ಅವಳು?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಣ್ಣನ ವಯಸ್ಸಿನವರಿಗೆಲ್ಲ ಹೆಣ್ಣು ಹುಡುಕುವಾಗ ಅವನ ಹೆಸರು ಯಾರ ಬಾಯಲ್ಲೂ ಬಂದಿರಲಿಲ್ಲ. ಜಾತಿ, ಗೋತ್ರ, ಮಾನ, ಮರ್ಯಾದೆ ಇವೆಲ್ಲ ದೊಡ್ಡವರ ವಿಷಯ, ಅವನು ಮಗು. ಐವತ್ತು ದಾಟಿದ ಮಗು. ಆ ಮಗು ಒಬ್ಬಳನ್ನು ಕಾಫಿಗೆ ಕರೆದದ್ದೇ ತಡ, ಅವನಿಗೆ ಜಾತಿ ಬಂತು, ಮನೆತನ ಬಂತು, ಕಳೆದುಕೊಳ್ಳಲು ಮರ್ಯಾದೆಯೂ ಬಂತು. ಯಾವ ಥೆರಪಿಯೂ ಮಾಡಲಾಗದ್ದನ್ನು ಚಿಕ್ಕಮ್ಮ ಒಂದು ಪ್ರಶ್ನೆಯಲ್ಲಿ ಮಾಡಿಬಿಟ್ಟರು. ಅಣ್ಣ ಗಂಡಸಾದ.

ಸಂಜೆಯೊಳಗೆ ಇನ್ನಷ್ಟು ಫೋನ್ ಬಂದವು. ಅಕ್ಕಪಕ್ಕದವರು ಏನಂದುಕೊಳ್ಳುತ್ತಾರೆ ಎಂದು ಒಬ್ಬರು. ನಾಳೆ ಅವಳು ಇಲ್ಲೇ ಇರುತ್ತೇನೆ ಎಂದರೆ ಏನು ಮಾಡುತ್ತೀಯಾ ಎಂದು ಇನ್ನೊಬ್ಬರು. ಅಣ್ಣನ ಊಟ, ಔಷಧಿ ಬಗ್ಗೆ ಒಮ್ಮೆಯೂ ವಿಚಾರಿಸದವರು ಅವನ ಭವಿಷ್ಯದ ಬಗ್ಗೆ ಇಷ್ಟು ಯೋಚಿಸುತ್ತಾರೆ ಎಂದು ನನಗೆ ಗೊತ್ತೇ ಇರಲಿಲ್ಲ.

ಕೇಳಿ ಕೇಳಿ ನನಗೂ ಭಯವಾಯಿತು, ಸುಳ್ಳು ಯಾಕೆ ಹೇಳಲಿ. ಇವರಿಬ್ಬರೂ ಏನು ಮಾತಾಡುತ್ತಾರೆ? ಏನಾದರೂ ಆಸೆ ಇಟ್ಟುಕೊಂಡು ಆಮೇಲೆ ನೊಂದುಕೊಂಡರೆ? ಶನಿವಾರ ಕ್ಲಬ್ಬಿನಿಂದ ಬಂದ ಮೇಲೆ ಅಣ್ಣ ಬಾಲ್ಕನಿಯಲ್ಲಿ ಕೂತು ಚಪ್ಪಲಿ ಒರೆಸುತ್ತಿದ್ದ. ಹೋಗಿ ಪಕ್ಕದಲ್ಲಿ ಕೂತೆ. ಈ ವಾರ ಬೇಡ ಅಣ್ಣ, ನನಗೆ ಕೆಲಸ ಇದೆ, ಇನ್ನೊಮ್ಮೆ ಕರೆಯೋಣ ಎಂದೆ. ದನಿಯನ್ನು ಆದಷ್ಟು ಸಿಹಿ ಮಾಡಿಕೊಂಡಿದ್ದೆ.

ಅವನು ಚಪ್ಪಲಿ ಕೆಳಗಿಟ್ಟ. ಅವನಿಗೆ ಮಾತು ಹೊರಡಲು ಹೊತ್ತು ಬೇಕು. ಕಾದೆ.

"ನಿನ್ನ ಫ್ರೆಂಡ್ಸ್ ಬಂದಾಗ, ನಾನು ಬೇಡ ಅಂದ್ನಾ?"

ಈ ಅಂಕಣದಲ್ಲಿ ವಾರ ವಾರ ನಿಮಗೆಲ್ಲ ಉಪದೇಶ ಮಾಡುವ ನಾನು ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ಕಾಫಿಪುಡಿ ಇದೆಯಾ ಎಂದು ಡಬ್ಬಿ ನೋಡಿದೆ.

ಭಾನುವಾರ ಅಣ್ಣ ಊಟವಾದ ಕೂಡಲೇ ಇಸ್ತ್ರಿ ಶರ್ಟು ಹಾಕಿಕೊಂಡ. ಮಾರ್ಕೆಟ್ ರೋಡಿಗೆ ನನ್ನನ್ನು ಕರೆದುಕೊಂಡು ಹೋಗಿ ಬೇಕರಿಯಲ್ಲಿ ತಾನೇ ಆರಿಸಿ ಸಿಹಿ ಕೊಬ್ಬರಿ ತುಂಬಿದ ದಿಲ್‌ಪಸಂದ್ ಕಟ್ಟಿಸಿದ. ಆಲೂ ಬನ್ ತಗೋ ಎಂದರೆ ಸೆಲ್ವಿಗೆ ಇಷ್ಟವಿಲ್ಲ ಎಂದ. ನನಗೆ ಏನು ಇಷ್ಟ ಎಂದು ಕೇಳಲಿಲ್ಲ. ನಾನೇನು ಗೆಸ್ಟೇ?

ಆಟೋದಲ್ಲಿ ಸೆಲ್ವಿ ಬಂದಳು. ಹಳದಿ ಕೊಡೆ, ತಲೆತುಂಬ ಕನಕಾಂಬರ. ಜೊತೆಗೆ ಬಂದಿದ್ದ ಕುಮಾರ್ ಗೇಟಿನಲ್ಲೇ ನಿಂತರು. ಒಳಗೆ ಬನ್ನಿ ಎಂದೆ. ಅವರು ತಲೆ ಅಲ್ಲಾಡಿಸಿದರು.

"ಬೇಡ ಅಕ್ಕಾ. ನೀನು ಬರಬಾರ್ದು ಅಂತ ಆಟೋದಲ್ಲೇ ಹೇಳ್ಬಿಟ್ಟಿದಾಳೆ."

ಅಣ್ಣ ಎಂದಿನಂತೆ ನೀರು ತಂದ. ಆದರೆ ಕೊಟ್ಟು ಒಳಗೆ ಹೋಗಲಿಲ್ಲ. ಎದುರಿನ ಸೋಫಾದಲ್ಲಿ ಕಾಲಿನ ಮೇಲೆ ಕಾಲು ಹಾಕಿಕೊಂಡು ಕೂತ. ಅವನು ಹಾಗೆ ಕೂತದ್ದನ್ನು ನಾನು ನೋಡಿರಲೇ ಇಲ್ಲ. ಚೆನ್ನಾಗಿದ್ದೀಯಾ ಎಂದು ಸೆಲ್ವಿ ಕೇಳಿದಳು. ಅಭ್ಯಾಸಬಲ, ನನ್ನ ಬಾಯಿ ತೆರೆಯಿತು. ಅಷ್ಟರಲ್ಲಿ ಅವನೇ, ಮಂಡಿ ನೋವು ಎಂದ. ಅವನಿಗೆ ಮಂಡಿ ನೋವಿದೆ ಎನ್ನುವುದು ನನಗೆ ತಿಳಿದದ್ದು ಆಗ.

ಕಾಫಿ ಕೊಟ್ಟೆ. ಸಕ್ಕರೆ ಸಾಲದು ಎಂದು ಸೆಲ್ವಿ ವಾಪಸ್ ಕಳಿಸಿದಳು. ಎರಡನೇ ಸಲ ಕೊಟ್ಟು ಬಾಗಿಲ ಹತ್ತಿರ ಸುಮ್ಮನೆ ನಿಂತೆ. ಅಣ್ಣ ನನ್ನನ್ನೊಮ್ಮೆ, ಅಡುಗೆಮನೆಯನ್ನೊಮ್ಮೆ ನೋಡಿದ. ಅರ್ಥವಾಯಿತು. ಒಳಗೆ ಹೋಗಿ ಅಲ್ಲಿಂದ ಕಿವಿ ಕೊಟ್ಟೆ. (ನೀವಾಗಿದ್ದರೆ ಕೊಡುತ್ತಿರಲಿಲ್ಲವೇ?) ಇಡೀ ಮನೆತನವನ್ನು ನಡುಗಿಸಿದ ಆ ಮಾತುಕತೆ ಏನೆಂದು ಕೇಳಿ. ಕೇರಂ ಸ್ಟ್ರೈಕರ್ ಯಾರು ಕಳೆದರು. ಶಬೀನಾಳ ಹೊಸ ಚೂಡಿದಾರ್ ಚೆನ್ನಾಗಿಲ್ಲ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಇಬ್ಬರೂ ಸುಮ್ಮನೆ ಕೂತಿದ್ದರು, ಇಬ್ಬರಿಗೂ ಅದರಲ್ಲಿ ಏನೂ ಕಷ್ಟವಿರಲಿಲ್ಲ.

ಆಗ ಚಿಕ್ಕಮ್ಮ ಬಂದರು. ಫೋನಿಲ್ಲ, ಸುದ್ದಿಯಿಲ್ಲ. ಈ ಕಡೆ ಏನೋ ಕೆಲಸವಿತ್ತಂತೆ. ಸೋಫಾದ ನಡುವೆ ಕೂತು ಸೆಲ್ವಿಯನ್ನು ತಲೆಯಿಂದ ಕಾಲಿನವರೆಗೆ ಅಳೆದರು.

"ಯಾರಮ್ಮ ನೀನು?"

"ರಾಜು ಫ್ರೆಂಡು. ನೀವು ಯಾರು?"

ಮನೆತನದ ಹಿರಿಯರನ್ನು ಹಾಗೆ ಕೇಳಿದವರು ಹಿಂದೆ ಯಾರೂ ಇದ್ದಂತಿಲ್ಲ. ನಾನು ಇವನ ಚಿಕ್ಕಮ್ಮ ಎಂದರು. ಸೆಲ್ವಿ ಯೋಚಿಸಿದಳು. ಅಣ್ಣನ ಕಡೆ ತಿರುಗಿದಳು.

"ಚಿಕ್ಕಮ್ಮ ಇದಾರೆ ಅಂತ ನೀನು ಹೇಳ್ಲೇ ಇಲ್ವಲ್ಲ?"

ಅಣ್ಣ ಹೆಗಲು ಕುಣಿಸಿದ. ಮರೆತುಹೋಯಿತು ಎಂದ. ಅದರಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಮರೆತಿದ್ದ. ವರ್ಷಕ್ಕೊಮ್ಮೆ ಗೌರಿಹಬ್ಬಕ್ಕೆ ಕಂಡರೆ ಕಂಡರು, ಎಲ್ಲಿ ನೆನಪಿರುತ್ತದೆ? ಚಿಕ್ಕಮ್ಮ ಸೆರಗು ಸರಿಮಾಡಿಕೊಂಡರು. ಸೆಲ್ವಿ ದಿಲ್‌ಪಸಂದ್ ತಟ್ಟೆಯನ್ನು ಅವರ ಕಡೆ ತಳ್ಳಿ, ತಗೊಳ್ಳಿ, ರಾಜು ತಂದಿದ್ದು ಎಂದಳು. ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆ. ತಗೊಂಡರು.

ಆಮೇಲೆ ಅವರು ಹೋಗಲೇ ಇಲ್ಲ. ಸೆಲ್ವಿ ಅವರಿಗೆ ಕೇರಂನಲ್ಲಿ ಮೋಸ ಮಾಡುವುದು ಹೇಗೆಂದು ವಿವರಿಸಿದಳು. ಅಣ್ಣ ಅದನ್ನು ತಿದ್ದಿದ. ಚಿಕ್ಕಮ್ಮ ಮದುವೆಗೆ ಮುಂಚೆ ತಾವು ಚೌಕಾಬಾರ ಆಡುತ್ತಿದ್ದ ಕಥೆ ಹೇಳಿದರು. ಈ ಕಥೆ ನಾನೂ ಕೇಳಿರಲಿಲ್ಲ. ಹೊರಡುವ ಮುಂಚೆ ನನ್ನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿದರು. ಬಂತು ಜಾತಿಯ ಪ್ರಶ್ನೆ ಎಂದುಕೊಂಡೆ. ಅವರು ಕೇಳಿದ್ದು, ಆ ಕ್ಲಬ್ಬಿಗೆ ವಯಸ್ಸು ಮಾತ್ರ ಆಗಿರುವವರನ್ನೂ ಸೇರಿಸಿಕೊಳ್ಳುತ್ತಾರಾ ಎಂದು. ಅವರ ಮನೆತುಂಬ ಮಕ್ಕಳು, ಸೊಸೆಯರು, ಒಬ್ಬೊಬ್ಬರಿಗೆ ಒಂದೊಂದು ಫ್ಲೋರ್. ಚೌಕಾಬಾರಕ್ಕೆ ಎದುರು ಕೂರಲು ಒಬ್ಬರಿಲ್ಲ. ಶಬೀನಾಳನ್ನು ವಿಚಾರಿಸುತ್ತೇನೆ ಎಂದೆ. ಏನಾದರೂ ಅಂಗವೈಕಲ್ಯ ಬೇಕೇ ಬೇಕಾ, ಮಂಡಿ ನೋವು ಸಾಲದಾ ಎಂದರು. ತಮಾಷೆಗೆ ಕೇಳಿದಂತೆ ಕಾಣಲಿಲ್ಲ.

ಅಂಗವಿಕಲರಿಗೆ ಪಿಂಚಣಿ ಬೇಕು, ರ‍್ಯಾಂಪ್ ಬೇಕು, ಬಸ್‌ಪಾಸ್ ಬೇಕು. ಇವುಗಳಿಗೆಲ್ಲ ಅರ್ಜಿ ಕೊಟ್ಟು ಕೊಟ್ಟು ನಮಗೆ ಅಭ್ಯಾಸವಾಗಿದೆ. ಫ್ರೆಂಡ್ ಬೇಕು ಎಂದು ಯಾವ ಕೌಂಟರಿನಲ್ಲಿ ಕೇಳಬೇಕು? ಒಂದು ಹಳೇ ಹಾಲ್, ಒಂದು ಕೇರಂ ಬೋರ್ಡು, ಬಾಗಿಲ ಹೊರಗೇ ಉಳಿಯುವ ಮನೆಯವರು. ಇಷ್ಟರಲ್ಲಿ ಆಗುವ ಕೆಲಸ ನಮ್ಮ ಅಷ್ಟೊಂದು ಪ್ರೀತಿಯಿಂದ ಆಗಿರಲಿಲ್ಲ.

ಕುಮಾರ್ ಆಟೋ ತಂದರು. ಸೆಲ್ವಿ ಹತ್ತಿ ಕೂತು, ಬರುವ ಭಾನುವಾರ ನೀನು ನಮ್ಮನೆಗೆ ಬಾ ಎಂದು ಅಣ್ಣನಿಗೆ ಹೇಳಿ ಹೋದಳು. ಹಲಸೂರಿಗೆ ಅವನು ಒಬ್ಬನೇ ಹೇಗೆ ಹೋಗುತ್ತಾನೆ? ಮೆಟ್ರೋದಲ್ಲಿ ಕೈ ಹಿಡಿಯುವವರು ಬೇಡವೇ? ಗೇಟು ಹಾಕುತ್ತ, ನಾನೂ ಬರಲಾ ಎಂದು ಕೇಳಿದೆ.

ಅಣ್ಣ ಯೋಚಿಸಿದ. ಅವಳನ್ನು ಕೇಳಿ ಹೇಳುತ್ತೇನೆ ಎಂದ.

ಇನ್ನೂ ಹೇಳಿಲ್ಲ.