ಫುವಾಟಿನೊ ಟೀಚರಮ್ಮನ ಕಬ್ಬಿಣದ ಬೀರು

ಫುವಾಟಿನೊ ಟೀಚರಮ್ಮನ ಮುತ್ತಜ್ಜ ಟಾಫಿಟೊ, ಮುಳುಗಿದ ದೋಣಿಯಿಂದ ಚರ್ಚಿನ ಗಂಟೆಯನ್ನು ಬೆನ್ನಿಗೆ ಕಟ್ಟಿಕೊಂಡು ಈಜಿ ದಡ ಸೇರಿದವನು. ಗಂಟೆ ಬಿರುಕು ಬಿಟ್ಟಿತ್ತು, ಅವನು ಬಿಟ್ಟಿರಲಿಲ್ಲ. ಅಜ್ಜಿ ಲಗಿ ಮೂರು ವರ್ಷ ಕೂತು ಬಟ್ಟೆಯಷ್ಟು ನಯವಾದ ಒಂದೇ ಒಂದು ಚಾಪೆ ನೇಯ್ದಳು. ಕಟ್ಟಿಕೊಂಡ ಗಂಡನನ್ನೂ ಅದರ ಮೇಲೆ ಕೂರಲು ಬಿಡಲಿಲ್ಲ. ಅಂಥ ವಂಶದ ಹೆಣ್ಣು, ನಮ್ಮ ಸವಾಯಿ ದ್ವೀಪದ ಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಮಕ್ಕಳ ಕಿವಿ ಹಿಂಡುತ್ತ ಬಂದವಳು.

ಆ ವರ್ಷ ಸರ್ಕಾರ ಹೊಸ ಯೋಜನೆ ಮಾಡಿ ಶಾಲೆಗೆ ಇಪ್ಪತ್ನಾಲ್ಕು ಟ್ಯಾಬ್ಲೆಟ್ ಕಳಿಸಿತು. ಮೂರು ತಿಂಗಳಲ್ಲಿ ಮಕ್ಕಳು ಅವುಗಳಲ್ಲಿ ತಾವೇ ಪಾಠ ಬರೆದು ತೋರಿಸಬೇಕು; ಇಲ್ಲವಾದರೆ ಎಲ್ಲವೂ ಬೇರೆ ಊರಿನ ಪಾಲು.

ಊರಿಗೆ ಬಂದ ಉಡುಗೊರೆಯನ್ನು ಸುಮ್ಮನೆ ಇಳಿಸಿಕೊಳ್ಳುವ ಜನ ನಾವಲ್ಲ. ಮುಖಂಡರೆಲ್ಲ ಸಭೆ ಸೇರಿ, ಪದ್ಧತಿಯಂತೆ ಅವಾ ಎಂಬ ಬೇರಿನ ರಸ ಕುಡಿದೆವು. ಸಭೆಯ ಮಾತುಗಾರ ಸೆಯುಮಾಲೊ ಕೋಲು ಊರಿ ನಿಂತು, ಸುಟ್ಟ ಹಂದಿಯ ಪಾಲು ಕೂಗುವ ಹಾಗೆ ಟ್ಯಾಬ್ಲೆಟ್‌ಗಳನ್ನು ಕೂಗಿ ಹಂಚಿಬಿಟ್ಟ. ಹಿರಿಯ ಮುಖಂಡ ಟೊಲೆಯಾಫೊವಾನಿಗೆ ಆರು, ಪಾದ್ರಿಗೆ ನಾಲ್ಕು, ಉಳಿದದ್ದು ಅಂತಸ್ತಿನ ಪ್ರಕಾರ. ನನಗೂ ಒಂದು ಬಂತು, ಸುಳ್ಳು ಹೇಳಲಾರೆ. ಟ್ಯಾಬ್ಲೆಟ್‌ಗಳನ್ನು ಸಾಲಾಗಿ ನಿಲ್ಲಿಸಿ ಚಾರ್ಜ್ ಮಾಡಲು ಜೊತೆಗೇ ಬಂದಿದ್ದ ಕಬ್ಬಿಣದ ಬೀರುವನ್ನು ಮಾತ್ರ ಹಂಚಲು ಬರಲಿಲ್ಲ. ಅದು ಶಾಲೆಗೆ ಉಳಿಯಿತು.

ಕೊಟ್ಟ ಪಾಲನ್ನು ವಾಪಸ್ ಕೇಳಿದರೆ ಹಿರಿಯರ ಮುಖಕ್ಕೆ ಮಸಿ ಬಳಿದಂತೆ. ಟೀಚರಮ್ಮ ಬೀರುವಿಗೆ ಬೀಗ ಜಡಿದಳು.

ಮೂರನೇ ದಿನ ಟ್ಯಾಬ್ಲೆಟ್‌ಗಳೆಲ್ಲ ಕಣ್ಣು ಮುಚ್ಚಿದವು. ಊರಿನ ಯಾವ ಫೋನಿನ ವೈರೂ ಅವಕ್ಕೆ ಹೊಂದಲಿಲ್ಲ. ಟೊಲೆಯಾಫೊವಾ ಆರನ್ನೂ ಕಂಕುಳಲ್ಲಿ ಇರುಕಿಕೊಂಡು ಶಾಲೆಗೆ ಬಂದ.

"ಏನಮ್ಮಾ, ಇವು ಸತ್ತೋದ್ವಾ?"

"ಅಯ್ಯೋ, ಹಸಿವು ಯಜಮಾನ್ರೇ. ಬೆಳಿಗ್ಗೆ ಬಿಟ್ಟು ಸಾಯಂಕಾಲ ಕರ್ಕೊಂಡ್ಹೋಗಿ."

"ಇಡೀ ದಿನ ಬೇಕಾ?"

"ನಿಮ್ಮನೆಯವಲ್ವಾ, ಹೊಟ್ಟೆ ದೊಡ್ಡದು."

ಮರುದಿನದಿಂದ ಊರಿನ ಮುಖಂಡರೆಲ್ಲ ಶಾಲೆಯ ಬಾಗಿಲಲ್ಲಿ ಸಾಲು ನಿಂತೆವು. ನಮ್ಮ ಬೆನ್ನು ತಿರುಗಿದ್ದೇ ತಡ, ಬೀರುವಿನಲ್ಲಿ ಒಂದೇ ಗಂಟೆಯಲ್ಲಿ ಹೊಟ್ಟೆ ತುಂಬುವ ಟ್ಯಾಬ್ಲೆಟ್‌ಗಳು ಮಕ್ಕಳ ಕೈಗೆ ಹೋಗುತ್ತಿದ್ದವು. ಸಂಜೆಗೆ ಅರೆಹೊಟ್ಟೆಯಲ್ಲಿ ನಮ್ಮ ಮನೆಗೆ ಬರುತ್ತಿದ್ದವು. ಬೆಳಗಾದರೆ ಮತ್ತೆ ಸಾಲು.

ಮೂರು ತಿಂಗಳಿಗೆ ಕಡಲಾಚೆಯ ಆಪಿಯಾ ಪಟ್ಟಣದಿಂದ ಇನ್‌ಸ್ಪೆಕ್ಟರ್ ಬಂದ. ಮಕ್ಕಳು ಟಪಟಪನೆ ಬರೆದು, ಚಿತ್ರ ಸೇರಿಸಿ, ತಪ್ಪು ತಿದ್ದಿ ತೋರಿಸಿದರು. ಅವನು ಬೆರಗಾಗಿ, ಟ್ಯಾಬ್ಲೆಟ್ ಈ ಊರಿನಲ್ಲೇ ಉಳಿಯಲಿ ಎಂದು ರುಜು ಹಾಕಿದ. ಅಷ್ಟರಲ್ಲಿ ಸಂಜೆಯಾಗಿ, ನಾವು ಮುಖಂಡರು ಬಾಗಿಲಿಗೆ ಬಂದು ಟ್ಯಾಬ್ಲೆಟ್‌ಗೆ ಕೈಚಾಚಿದ್ದನ್ನು ಕಂಡ. ಟೀಚರಮ್ಮನನ್ನು ಪಕ್ಕಕ್ಕೆ ಕರೆದು ನಡೆದದ್ದನ್ನೆಲ್ಲ ಕೇಳಿ ತಿಳಿದುಕೊಂಡ.

"ಛೆ, ಹಿರಿಯರು ದಿನಾ ನಡೆದು ಬರೋದಾ? ಮುಂದಿನ ವಾರವೇ ಮನೆಮನೆಗೂ ಒಂದೊಂದು ಚಾರ್ಜರ್ ಕಳಿಸ್ತೀನಮ್ಮ," ಎಂದ.

ಟೀಚರಮ್ಮ ಬೀರುವಿನ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬೇಡ ಸ್ವಾಮಿ. ಒಂದು ವೈರೂ ಬೇಡ. ಹಿರೀಕರಿಗೆ ನಡಿಗೆ ಒಳ್ಳೇದು. ಉಪಕಾರ ಮಾಡ್ಲೇಬೇಕು ಅಂತಿದ್ರೆ ಬೇಗ ಹೊರಡಿ, ಕೊನೇ ದೋಣಿ ಸಿಕ್ಕೀತು."