ಹೊಲಿಗೆ ಟೀಚರ್ ದುರ್ಗ ಹತ್ತಿದ್ದು

ನಮ್ಮ ಶಾಲೆಯ ಹೊಲಿಗೆ ಟೀಚರ್‌ಗೆ ಎಡಗಾಲು ಸಣ್ಣ. ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಅದು ಬಲ ಕಳೆದುಕೊಂಡಿತ್ತಂತೆ. ಮೊಣಕಾಲಿನ ಮೇಲೆ ಅಂಗೈ ಊರಿ, ಕಾಲನ್ನು ಒತ್ತಿ ಒತ್ತಿ ನಡೆಯುತ್ತಿದ್ದರು. ಯಾರಾದರೂ ನಿಂತು ಕಾದರೆ, "ನೀವು ಹೋಗ್ತಿರಿ, ನಾನು ಬರ್ತೀನಿ" ಎನ್ನುತ್ತಿದ್ದರು.

ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ ಶಾಲೆಯವರೆಲ್ಲ ಕವಲೇದುರ್ಗದ ಮೇಲಿನ ಕೆರೆ ನೋಡಲು ಹೊರಟೆವು. ಹೆಣ್ಣುಮಕ್ಕಳ ಜೊತೆ ಹೆಂಗಸೊಬ್ಬರು ಇರಲೇಬೇಕು ಎಂದು ಮನೆಗಳಲ್ಲಿ ಹೇಳಿ ಕಳಿಸಿದ್ದರು. ಶಾಲೆಯಲ್ಲಿ ಇದ್ದ ಹೆಂಗಸು ಅವರೊಬ್ಬರೇ. ಗುಡ್ಡದ ಬುಡದಲ್ಲಿ ಹೆಡ್‌ಮಾಸ್ತರು, "ನಿಮ್ಮ ಕೈಲಿ ಆಗೋದಿಲ್ಲ ಟೀಚರೇ. ಹುಡುಗೀರನ್ನ ಕರ್ಕೊಂಡು ಇಲ್ಲೇ ನೆರಳಲ್ಲಿ ಇರಿ" ಎಂದು ಹೇಳಿ ಹುಡುಗರೊಂದಿಗೆ ಹೊರಟುಬಿಟ್ಟರು.

ಟೀಚರ್ ಹುಡುಗಿಯರಾದ ನಮ್ಮ ಮುಖ ನೋಡಿದರು. ಸೆರಗು ಸಿಕ್ಕಿಸಿಕೊಂಡು, "ನಡೀರೇ" ಎಂದರು.

ಕೋಟೆಯ ಬಾಗಿಲುಗಳನ್ನು ದಾಟುವವರೆಗೆ ಹೇಗೋ ನಡೆದರು. ಆಮೇಲೆ ಬಿಸಿಲಿಗೆ ಕಾದ ಬೋಳು ಬಂಡೆ ಎದುರಾಯಿತು. ಅಲ್ಲಿ ಅವರ ಕಾಲು ಜಾರಿತು.

"ಸಾಕು ಟೀಚರ್, ವಾಪಸ್ ಹೋಗಾಣ" ಎಂದು ನಾನು ಕೈ ಚಾಚಿದೆ.

ಅವರು ಕೈ ಹಿಡಿಯಲಿಲ್ಲ. ಬಂಡೆಗೆ ಬೆನ್ನು ಮಾಡಿ ಕೂತು, ಹಿಂದಕ್ಕೆ ಅಂಗೈ ಊರಿ, ಕೂತಲ್ಲಿಂದಲೇ ಮೈಯನ್ನು ಇಷ್ಟಿಷ್ಟೇ ಮೇಲಕ್ಕೆ ಎತ್ತಿಕೊಳ್ಳತೊಡಗಿದರು. "ನನ್ನ ನೋಡ್ತಾ ನಿಲ್ಲಬ್ಯಾಡ್ರೇ, ಹೋಗ್ತಿರಿ" ಎಂದರು. ನಾವು ಹೋಗಲಿಲ್ಲ. ಅವರ ಪಕ್ಕದಲ್ಲೇ ಕೂತು, ಎಲ್ಲರೂ ಹಾಗೆಯೇ ಹತ್ತಿದೆವು.

ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದ್ದ ಹೆಡ್‌ಮಾಸ್ತರು ನಮ್ಮನ್ನು ಕಂಡು ಎದ್ದು ನಿಂತರು. ಟೀಚರ್ ತರಚಿದ ಅಂಗೈಗಳನ್ನು ತಣ್ಣನೆಯ ನೀರಿನಲ್ಲಿ ಅದ್ದಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡರು. ಆಮೇಲೆ ತಿರುಗಿ ಕೇಳಿದರು:

"ಮುಂದಿನ ವರ್ಷ ಯಾವ ಗುಡ್ಡ ಸಾರ್?"