ಗಾಜಿನ ಮೂಲೆಯಲ್ಲಿ ಮೂರು ಬೆರಳು

ದೆವ್ವ, ಭೂತ, ಗಾಳಿ ಸೋಕುವುದು ಇವೆಲ್ಲ ಕೆಲಸವಿಲ್ಲದವರ ಕಟ್ಟುಕತೆ ಎಂದೇ ನಾನು ತಿಳಿದಿದ್ದೆ. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಯಾರಾದರೂ ಲಿಫ್ಟ್ ತಾನಾಗಿ ಮೇಲೆ ಹೋಯಿತು ಎಂದು ಕಣ್ಣರಳಿಸಿದರೆ, ‘ಸ್ವಿಚ್ ಕೆಟ್ಟಿದೆ, ಮಿಸ್ತ್ರಿಯನ್ನು ಕರೆಸಿ’ ಎಂದು ಬಾಯಿ ಮುಚ್ಚಿಸುತ್ತಿದ್ದವನು ನಾನು. ಲಿಫ್ಟಿನ ವಿಷಯದಲ್ಲಿ ನನ್ನ ಮಾತು ಈಗಲೂ ಅದೇ. ಆದರೆ ಕೆಲವು ವರ್ಷಗಳ ಹಿಂದೆ ರಬಾಳೆಯಲ್ಲಿ ಒಂದು ಮಧ್ಯಾಹ್ನ ನಡೆದದ್ದನ್ನು ಬರೆಯಲು ಕುಳಿತರೆ ಕೈ ಹಿಂಜರಿಯುತ್ತದೆ. ನೀವು ನಗಬಹುದು. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಆಗ ನಾನು ರಬಾಳೆಯ ಕಾರ್ಖಾನೆಗಳ ನಡುವಿನ ಒಂದು ಸಣ್ಣ ಸಂಶೋಧನಾಲಯದಲ್ಲಿದ್ದೆ. ಕಾರ್ಖಾನೆಯ ಕೊಳೆನೀರಿನಲ್ಲಿ ವಿಷದ ಲೋಹ ಇದ್ದರೆ ಬಣ್ಣ ಬದಲಿಸಿ ತೋರಿಸಿಕೊಡುವ ಬ್ಯಾಕ್ಟೀರಿಯಾವನ್ನು ರೂಪಿಸುವುದು ಅಲ್ಲಿಯ ಕೆಲಸ. ಜೀವಶಾಸ್ತ್ರ ನನಗೆ ಬಾರದು, ನಾನು ಯಂತ್ರದವನು. ನಾನು ಮಾಡಿಕೊಟ್ಟದ್ದು ಒಂದು ಮೇಜು. ಊಟದ ಮೇಜಿನಷ್ಟು ದೊಡ್ಡ ಗಾಜು, ಅದೇ ಪರದೆ. ಸುತ್ತ ನಿಂತು ನಾಲ್ಕು ಜನ ಒಟ್ಟಿಗೆ ಬೆರಳಿನಿಂದ ಮುಟ್ಟಿ ಕೆಲಸ ಮಾಡಬಹುದಿತ್ತು. ಜೀನಿನ ಒಂದೊಂದು ತುಂಡಿಗೆ ಒಂದೊಂದು ಮರದ ಬಿಲ್ಲೆ. ಬಿಲ್ಲೆಗಳನ್ನು ಎಡದಿಂದ ಬಲಕ್ಕೆ ಸಾಲಾಗಿ ಇಟ್ಟರೆ ಗಾಜಿನ ಕೆಳಗಿನ ಕ್ಯಾಮೆರಾ ಅವನ್ನು ಗುರುತಿಸಿ, ಸುತ್ತ ಬೆಳಕಿನ ಉಂಗುರ ಮೂಡಿಸಿ, ಸಾಲನ್ನು ದಾಖಲೆಗೆ ಸೇರಿಸುತ್ತಿತ್ತು. ಸಾಲಿನ ಕೊನೆಗೆ ಕೆಂಪು ಬಿಲ್ಲೆ ಇರಲೇಬೇಕು. ಬ್ಯಾಕ್ಟೀರಿಯಾ ಪ್ರಯೋಗಾಲಯದಿಂದ ಹೊರಬಿದ್ದರೆ ತಾನಾಗಿ ಸಾಯುವಂತೆ ಮಾಡುವ ತುಂಡು ಅದು. ಎಲ್ಲ ಮುಗಿದ ಮೇಲೆ ಮೂವರು ಒಟ್ಟಿಗೆ ಅಂಗೈ ಊರಿದರೆ ಮಾತ್ರ ವಿನ್ಯಾಸ ಪಾಸು. ಆ ಮೂರು ಅಂಗೈಗಳ ಹೊರತು ಬೇರೆ ಸ್ಪರ್ಶವೇನಾದರೂ ಗಾಜಿನ ಮೇಲಿದ್ದರೆ ಮೇಜು ಒಪ್ಪುತ್ತಿರಲಿಲ್ಲ.

ಅಲ್ಲಿ ಹಿರಿಯರೆಂದರೆ ಭಟ್ರು. ಉಡುಪಿ ಕಡೆಯವರು. ಅವರ ತಂದೆ ಠಾಣೆಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸಿದವರು. ಬೆಳಿಗ್ಗೆ ಗಲ್ಲಾ ಪೆಟ್ಟಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಆ ಮನೆಯವರು ಕೆಲಸ ಶುರು ಮಾಡುತ್ತಿರಲಿಲ್ಲವಂತೆ. ಭಟ್ರು ಅದನ್ನು ನನ್ನ ಮೇಜಿಗೂ ತಂದರು. ತಾವು ನಿಲ್ಲುವ ಬದಿಯ ಬಲಮೂಲೆಯನ್ನು ಮೂರು ಬೆರಳಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳುವರು, ಒಂದು ಕ್ಷಣ ಬಿಟ್ಟು ಮತ್ತೊಮ್ಮೆ. ನನಗೋ ಅದರಿಂದ ತಲೆನೋವು, ಏಕೆಂದರೆ ದಿನದ ದಾಖಲೆ ತೆರೆದರೆ ಮೊದಲ ಸಾಲುಗಳೇ ಅರ್ಥವಿಲ್ಲದ ಸ್ಪರ್ಶಗಳು. ‘ಭಟ್ರೇ, ಇದು ದೇವರ ಮಂಟಪ ಅಲ್ಲ’ ಎಂದು ಎಲ್ಲರೆದುರು ಗೇಲಿ ಮಾಡಿದ್ದೆ. ಅವರು ನಕ್ಕು, ‘ಅನ್ನ ಕೊಡುದು ಇದೇ ಅಲ್ವಾ ಮಾರಾಯ’ ಎಂದಿದ್ದರು. ಕೊನೆಗೆ ಒಂದು ಸಂಜೆ ಕುಳಿತು ಆ ಕಿರಿಕಿರಿಗೆ ನನ್ನದೇ ಒಂದು ವ್ಯವಸ್ಥೆ ಮಾಡಿ ಮರೆತುಬಿಟ್ಟೆ.

ವರ್ಷದ ಮೇಲೆ ದೊಡ್ಡ ವಿನ್ಯಾಸಗಳ ಕೆಲಸ ಬಂತು. ಭಟ್ರು ಜೋಡಿಸಿದ ಮೊದಲೆರಡೂ ಕೆಂಪು ಬಿಲ್ಲೆಯಿಲ್ಲದೆ ಹೊರಹೋದವು. ಪುಣ್ಯಕ್ಕೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವು. ನಿರ್ದೇಶಕಿ ಕುಲಕರ್ಣಿ ಮೇಡಂ ನಮ್ಮನ್ನೆಲ್ಲ ಕೂರಿಸಿ ಕೇಳಿದರು. ಭಟ್ರು, ‘ಇಟ್ಟದ್ದು ಹೌದು ಅಂತ ನೆನಪುಂಟು’ ಎಂದು ಮೆಲ್ಲಗೆ ಅಂದರು. ನಾನು ದಾಖಲೆ ತೆರೆದು ತೋರಿಸಿದೆ. ಕೆಂಪು ಬಿಲ್ಲೆಯ ಸುಳಿವೇ ಇರಲಿಲ್ಲ. ಅಂಗೈ ಊರುವಾಗ ಬಿಲ್ಲೆಗಳನ್ನು ನಮ್ಮಲ್ಲಿ ಯಾರೂ ಎಣಿಸಿ ನೋಡಿರಲಿಲ್ಲ. ‘ಮೇಡಂ, ಟೇಬಲ್ ಝೂಟ್ ನಹೀ ಬೋಲ್ತಾ’ ಎಂದೆ, ಮೇಜು ಸುಳ್ಳು ಹೇಳುವುದಿಲ್ಲ ಎಂದು ಎದೆಯುಬ್ಬಿಸಿ. ಭಟ್ರು ತಲೆ ತಗ್ಗಿಸಿದರು. ಅಂದಿನಿಂದ ಅವರು ಮೂಲೆ ಮುಟ್ಟುವುದನ್ನೂ ಬಿಟ್ಟರು. ನಾನು ಅದನ್ನು ಗಮನಿಸಿದೆ, ಒಳಗೊಳಗೇ ಹಿತವೂ ಆಯಿತು. ಈಗ ಹೇಳಲು ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಅವರಿಗೆ ಹೃದಯದ ಆಪರೇಷನ್ ನಿಗದಿಯಾಯಿತು. ಠಾಣೆಯ ಘೋಡಬಂದರ್ ರಸ್ತೆಯ ಒಂದು ಆಸ್ಪತ್ರೆಯಲ್ಲಿ, ಸೋಮವಾರ ಮಧ್ಯಾಹ್ನ ಒಂದಕ್ಕೆ. ಅದೇ ದಿನ ಭಟ್ರದೇ ಟಿಪ್ಪಣಿ ನೋಡಿ, ತಪ್ಪಿದ ವಿನ್ಯಾಸಗಳಲ್ಲಿ ಒಂದನ್ನು ಮತ್ತೆ ಜೋಡಿಸಲು ಮೇಡಂ ನಮ್ಮಲ್ಲಿ ಕಿರಿಯಳಾದ ರೋಹಿಣಿಗೆ ಹೇಳಿದರು. ರೋಹಿಣಿ ಡೊಂಬಿವಲಿಯಲ್ಲೇ ಹುಟ್ಟಿದ ಕಾರ್ಕಳದವರ ಮಗಳು, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಅವಳ ಕೈಯಲ್ಲಿ ಅದು ಸರಿಯಾಗಿ ಬಂದರೆ ತಪ್ಪು ಭಟ್ರದ್ದೇ ಎಂದು ಖಾತ್ರಿಯಾದಂತೆ. ಅವರನ್ನು ಸಂಶೋಧನೆಯಿಂದ ತೆಗೆದು ಸಾಮಾನಿನ ಸ್ಟೋರಿಗೆ ಹಾಕುವ ಪತ್ರ ಮೇಡಂ ಕೈಯಲ್ಲೇ ಇತ್ತು. ಸಹಿಯೊಂದೇ ಬಾಕಿ.

ಜುಲೈ ತಿಂಗಳು. ಹೊರಗೆ ಮೋಡ ಕವಿದು ಕತ್ತಲೆಯಾಗಿತ್ತು. ರೋಹಿಣಿ ಭಟ್ರ ಎದುರು ಬದಿಯಲ್ಲಿ ನಿಲ್ಲುವವಳು, ಅಲ್ಲೇ ನಿಂತು ಹದಿನೆಂಟು ಬಿಲ್ಲೆ ಜೋಡಿಸಿದಳು. ಕೊನೆಯದು ಕೆಂಪು. ಎಲ್ಲದರ ಸುತ್ತ ಉಂಗುರ ಮೂಡಿತು. ಎರಡೂವರೆ ಗಂಟೆಯ ಸುಮಾರಿಗೆ ಮೇಡಂ, ರೋಹಿಣಿ, ನಾನು ಅಂಗೈ ಊರಿದೆವು. ಮೇಜು ಒಪ್ಪಲಿಲ್ಲ. ‘ಹೆಚ್ಚಿನ ಸ್ಪರ್ಶ’ ಎಂದು ತೋರಿಸಿತು.

ಭಟ್ರು ನಿಲ್ಲುವ ಬದಿಯ ಬಲಮೂಲೆಯಲ್ಲಿ ಮೂರು ಪುಟ್ಟ ಉಂಗುರಗಳು ಮೂಡಿದ್ದವು. ಅಲ್ಲಿ ಯಾರೂ ಇರಲಿಲ್ಲ. ಉಂಗುರಗಳು ಮಾಯವಾದವು, ಒಂದು ಕ್ಷಣ ಬಿಟ್ಟು ಮತ್ತೆ ಮೂಡಿದವು.

ಇಂಥ ಮೇಜುಗಳಿಗೆ ಬಿಸಿಲು ಬಿದ್ದರೆ ಸುಳ್ಳು ಸ್ಪರ್ಶ ಕಾಣುವುದುಂಟು. ಬಿಸಿಲಿರಲಿಲ್ಲ, ಆದರೂ ಕಿಟಕಿಯ ಪರದೆ ಎಳೆದೆ. ಗಾಜು ಒರೆಸಿದೆ. ಮೂಲೆಯ ಮೇಲೆ ಕಪ್ಪು ಬಟ್ಟೆ ಹೊದಿಸಿದೆ. ಯಂತ್ರ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಮತ್ತೆ ಅಂಗೈ ಊರಿದೆವು. ಬಟ್ಟೆಯ ಅಂಚಿನಿಂದ ಬೆಳಕು ಕಂಡಿತು. ಎರಡು ಸಲ, ನಡುವೆ ಅದೇ ಅಂತರ. ರೋಹಿಣಿ ಕೈ ಹಿಂದೆಗೆದುಕೊಂಡಳು. ‘ಅಂಕಲ್, ಯೇ ತೋ ಭಟ್ ಅಂಕಲ್ ಜೈಸಾ ಹೈ’ ಎಂದಳು, ಇದು ಭಟ್ರು ಮುಟ್ಟುವ ಹಾಗೇ ಇದೆ ಎಂದು. ನಾನು ಅವಳಿಗೆ ಗದರಿದೆ. ಗದರಿದ್ದು ಭಯಕ್ಕೆ. ನನ್ನ ಅಂಗೈ ಬೆವರಿ ಗಾಜಿನ ಮೇಲೆ ಗುರುತು ಬಿದ್ದಿತ್ತು.

ಸ್ಪರ್ಶ ಎಲ್ಲಿಂದ ಬರುತ್ತಿದೆ ಎಂದು ನೋಡಲು ದಾಖಲೆ ತೆರೆದೆ. ಆ ಮೂಲೆಯ ಹೆಸರಿನಲ್ಲಿ ಬೆರಳಿಗೊಂದರಂತೆ ಮೂರು ಸಾಲುಗಳು ನಮೂದಾಗಿದ್ದವು. ಮತ್ತೊಮ್ಮೆ ಓದಿದೆ. ಆಗ ನನಗೆ ಆ ಸಂಜೆ ನೆನಪಾಯಿತು. ಭಟ್ರ ನಮಸ್ಕಾರದ ಕಾಟ ತಪ್ಪಿಸಲು, ಆ ಮೂಲೆಯಿಂದ ಬಂದದ್ದೇನನ್ನೂ ದಾಖಲೆಗೆ ಸೇರಿಸಬೇಡ ಎಂದು ಮೇಜಿನ ಸಾಫ್ಟ್‌ವೇರಿನಲ್ಲಿ ನಾನೇ ಬರೆದಿದ್ದೆ. ಉಂಗುರ ಮೂಡುತ್ತದೆ, ಆದರೆ ದಾಖಲೆಯಲ್ಲಿ ಉಳಿಯುವುದಿಲ್ಲ. ಅಂದಮೇಲೆ ಆ ಮೂರು ಸಾಲುಗಳು ಅಲ್ಲಿರಲು ಸಾಧ್ಯವೇ ಇರಲಿಲ್ಲ.

ಹಿಂದೆಯೇ ಇನ್ನೊಂದು ಹೊಳೆಯಿತು. ರೋಹಿಣಿಯ ಸಾಲಿನಿಂದ ಕೆಂಪು ಬಿಲ್ಲೆಯನ್ನು ಎತ್ತಿ ಭಟ್ರ ಮೂಲೆಯಲ್ಲಿಟ್ಟೆ. ಉಂಗುರ ಚೆನ್ನಾಗಿಯೇ ಮೂಡಿತು. ದಾಖಲೆ ನೋಡಿದೆ. ಹದಿನೇಳು ಬಿಲ್ಲೆ. ಕೆಂಪು ಇರಲಿಲ್ಲ. ಹಳೆಯ ವಿನ್ಯಾಸಗಳು ಚಿಕ್ಕವು, ಸಾಲು ಆ ಮೂಲೆಯವರೆಗೆ ಬರುತ್ತಿರಲಿಲ್ಲ. ದೊಡ್ಡ ವಿನ್ಯಾಸದಲ್ಲಿ ಭಟ್ರು ಇಟ್ಟ ಕೊನೆಯ ಬಿಲ್ಲೆ ಸರಿಯಾಗಿ ಅಲ್ಲಿಗೇ ಬಿದ್ದಿತ್ತು. ಎದುರು ಬದಿಯಿಂದ ಜೋಡಿಸಿದ ರೋಹಿಣಿಯ ಸಾಲು ಬೇರೆ ಮೂಲೆಯಲ್ಲಿ ಮುಗಿದಿತ್ತು. ಅವರು ಎರಡು ಸಲವೂ ಇಟ್ಟಿದ್ದರು. ಎರಡು ಸಲವೂ ನನ್ನ ಮೇಜು ಅದನ್ನು ನುಂಗಿತ್ತು.

ಸುಳ್ಳು ಹೇಳಬಾರದು, ಆ ಕ್ಷಣ ಎಲ್ಲ ಮುಚ್ಚಿಹಾಕಿ ‘ಸಾಫ್ಟ್‌ವೇರ್ ಹ್ಯಾಂಗ್ ಆಗಿದೆ’ ಎಂದು ಹೇಳಿಬಿಡುವ ಮನಸ್ಸಾಯಿತು. ನನ್ನ ಕೆಲಸ ಹೋಗುವಂಥ ತಪ್ಪು ಅದು. ಆದರೆ ಆ ಮೂಲೆಯ ಕಡೆ ನೋಡಲು ಧೈರ್ಯವಾಗಲಿಲ್ಲ. ಮೇಡಂಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ‘ಮ್ಹಣಜೆ ಭಟ್ ಸಾಹೇಬಾಂಚೀ ಚೂಕ್ ನವ್ಹತೀಚ್?’ ಎಂದರು, ಹಾಗಾದರೆ ಭಟ್ರ ತಪ್ಪು ಇರಲೇ ಇಲ್ಲವೇ ಎಂದು. ಇರಲಿಲ್ಲ, ನನ್ನದು ಎಂದೆ. ಅವರು ಪತ್ರವನ್ನು ಮಡಿಸಿ ಹರಿದರು. ಉಂಗುರಗಳು ಯಾವಾಗ ನಿಂತವೋ ನಾವು ಮೂವರೂ ಗಮನಿಸಲಿಲ್ಲ.

ಮೂರು ದಿನ ಬಿಟ್ಟು, ಭಟ್ರನ್ನು ವಾರ್ಡಿಗೆ ತಂದಿದ್ದಾರೆಂದು ತಿಳಿದು, ರಬಾಳೆಯಿಂದ ಠಾಣೆಯ ಲೋಕಲ್ ರೈಲು ಹಿಡಿದು ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ, ಒಂದೂ ನಿಲ್ಲಲಿಲ್ಲ. ಮಂಚದ ಪಕ್ಕ ಅವರ ಹೆಂಡತಿ ಸರೋಜಕ್ಕ ಕುಳಿತಿದ್ದರು. ‘ಭಟ್ರೇ, ಕೆಂಪು ಬಿಲ್ಲೆ ನೀವು ಇಟ್ಟಿದ್ದಿರಿ. ತಪ್ಪು ನನ್ನದು’ ಎಂದು ಒಂದೇ ಉಸಿರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಮುಖವನ್ನೇ ನೋಡಿ, ‘ನಾನು ಮರ್ತದ್ದಲ್ವಾ?’ ಎಂದರು. ಅಲ್ಲ ಎಂದೆ. ಮತ್ತೆ ಅದನ್ನೇ ಕೇಳಿದರು. ಮೂರನೆಯ ಸಲ ಕೇಳುವಾಗ ದನಿ ಒಡೆಯಿತು.

ಸರೋಜಕ್ಕ ನನ್ನನ್ನು ಹೊರಗೆ ಕರೆದರು. ‘ಇವರ ಅಪ್ಪನಿಗೆ ಇದೇ ಪ್ರಾಯಕ್ಕೆ ಮರವು ಸುರುವಾದ್ದು. ಕಡೆಗೆ ಸ್ವಂತ ಮಕ್ಕಳನ್ನೇ ಗಿರಾಕಿ ಅಂತ ಮಾತಾಡಿಸ್ತಿದ್ರು. ಆಫೀಸಿನಲ್ಲಿ ಹಾಗಾದ ಮೇಲೆ ಇವರು ಚೀಟಿ ಬರೆದು ಗೋಡೆಗೆಲ್ಲ ಅಂಟಿಸ್ಲಿಕ್ಕೆ ಸುರು ಮಾಡಿದ್ರು. ಗ್ಯಾಸ್ ಬಂದ್ ಮಾಡಿದೆ, ಬಾಗಿಲು ಹಾಕಿದೆ ಅಂತ. ಆಪರೇಷನ್ನಿಗೆ ಹೋಗುವಾಗ ನನ್ನ ಹೆಸ್ರು ಒಂದು ಕಾಗದದಲ್ಲಿ ಬರೆದು ಕಿಸೆಗೆ ಹಾಕಿಕೊಂಡಿದ್ರು, ಎಚ್ಚರ ಆದ ಮೇಲೆ ಮರ್ತು ಹೋದ್ರೆ ಅಂತ.’

ನಾನು ಗೋಡೆಗೆ ಒರಗಿ ನಿಂತೆ.

ಭಟ್ರು ಚೇತರಿಸಿಕೊಂಡು ಕೆಲಸಕ್ಕೆ ಬಂದ ಮೇಲೆ ಆ ಮಧ್ಯಾಹ್ನದ್ದನ್ನು ಅವರಿಗೆ ಹೇಳಿದೆ. ಅವರು ಯೋಚಿಸಿ, ‘ಆ ಹೊತ್ತಿಗೆ ಎದೆ ಬಗೆದು ಮಲಗಿಸಿದ್ರು ಮಾರಾಯ. ನಾನೆಲ್ಲಿದ್ದೆ ಅಂತ ನಂಗೇ ಗೊತ್ತಿಲ್ಲ’ ಎಂದರಷ್ಟೆ. ಅವರಿಗೆ ಕನಸೂ ಬಿದ್ದಿರಲಿಲ್ಲ. ನನಗಿಂತ ಬಲ್ಲವರಿಗೆ ದಾಖಲೆ ತೋರಿಸಿದೆ. ಮಳೆಗಾಲದ ತೇವ ಎಂದರು, ಕ್ಯಾಮೆರಾ ದೋಷ ಎಂದರು. ಇರಬಹುದು, ಉಂಗುರಗಳಿಗೆ ಅದು ಸಾಕು. ಆದರೆ ಸಾಲುಗಳಿಗೆ? ನಾನು ಬರೆದದ್ದನ್ನು ತೆಗೆದುಹಾಕುವ ಮೊದಲು ಅದೇ ಮೂಲೆಯನ್ನು ನಾವು ಒಂದು ಇಡೀ ದಿನ ಮುಟ್ಟಿ ನೋಡಿದೆವು, ರೋಹಿಣಿ, ಮೇಡಂ, ನಾನು, ಕೊನೆಗೆ ವಾಚ್‌ಮನ್ ಕೂಡ. ದಾಖಲೆಯಲ್ಲಿ ಒಂದು ಸಾಲೂ ಬೀಳಲಿಲ್ಲ.

ಅಂದು ಆ ಮೂರು ಸಾಲು ಬೀಳದಿದ್ದರೆ, ಒಬ್ಬ ಮನುಷ್ಯನ ಬುದ್ಧಿ ಕೆಟ್ಟಿದೆ ಎಂದು ನಾನು ಪುರಾವೆ ಸಮೇತ ಹೇಳುತ್ತಲೇ ಇರುತ್ತಿದ್ದೆ, ಅವರು ನಂಬುತ್ತಲೇ ಇರುತ್ತಿದ್ದರು. ಅವನ್ನು ಬರೆದವರು ಯಾರು ಎಂದು ನನಗೆ ಗೊತ್ತಿಲ್ಲ. ಯಾರೇ ಆಗಲಿ, ಅವರು ನನ್ನಿಂದ ಭಟ್ರನ್ನು ಉಳಿಸಿದರು.